ಆರಾಮಿದೀನಿ ಅಂದಿದ್ದೆ

ಗೆಳೆಯರೇ, ಇವತ್ತು ಬೆಳಿಗ್ಗೆ ಯೂನಿವರ್ಸಿಟಿ ಹಾಸ್ಟೆಲ್ ಗೇಟಿನಲ್ಲಿ ಅಪ್ಪ ನಿಂತಿದ್ದರು. ಒಂದು ಫೋನೂ ಮಾಡದೆ ನಮ್ಮೂರು ನನ್ನಿವಾಳದಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದಾರೆ.

"ಮೈಯಾಗೆ ಹುಷಾರಿಲ್ವೇನವ್ವ?"

ನನಗೆ ಗಾಬರಿ. ಜ್ವರ ಬಂದು ಐದು ದಿನ ಮಲಗಿದ್ದು ನಿಜ. ಆದರೆ ಬಿತ್ತನೆ ಬಿಟ್ಟು ಓಡಿ ಬಂದಾರೆಂದು ಫೋನಿನಲ್ಲಿ ದಿನಾ "ಆರಾಮಿದೀನಿ" ಅಂದಿದ್ದೆ.

"ಯಾರು ಹೇಳಿದ್ರಪ್ಪ?"

"ಡಬ್ಬಿ."

ಪ್ರತಿ ವಾರ ಅವ್ವ ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿದ ಡಬ್ಬಿ ಕಳಿಸುತ್ತಾಳೆ. ಖಾಲಿಯಾದದ್ದು ಅದೇ ಬಸ್ಸಿನಲ್ಲಿ ವಾಪಸ್ಸು ಹೋಗುತ್ತದೆ. ಈ ಸಲ ನನಗೆ ಏಳಲಾಗದೆ, ರೂಮ್‌ಮೇಟ್ ಅದನ್ನು ಫಳಫಳ ತೊಳೆದು ಕಳಿಸಿದ್ದಳು.

ಅಪ್ಪ ಹೇಳಿದರು: "ನಿಮ್ಮವ್ವ ಮುಚ್ಚಳ ತೆಗೆದು ನೋಡಿದ್ಲು. 'ಎರಡು ವರ್ಷದಾಗೆ ಒಂದಿನಾನೂ ಡಬ್ಬಿ ತೊಳ್ದು ಕಳ್ಸಿದೋಳಲ್ಲ. ಮಗಳಿಗೆ ಏನೋ ಆಗೈತೆ, ಹೋಗ್ರಿ' ಅಂದ್ಲು."

ಹಣೆ ಮುಟ್ಟಿ ನೋಡಿ, ತುಂಬಿದ ಇನ್ನೊಂದು ಡಬ್ಬಿ ಕೈಗಿಟ್ಟು, ಹನ್ನೊಂದರ ಬಸ್ಸಿಗೆ ಅವರು ಹೊರಟರು.

ರೂಮ್‌ಮೇಟ್‌ಗೆ ಕೈಮುಗಿದು ಹೇಳಿದ್ದೇನೆ: ಇನ್ನು ನಾನು ಹಾಸಿಗೆ ಹಿಡಿದರೂ ಸರಿ, ಡಬ್ಬಿ ಮಾತ್ರ ತೊಳೆಯಬೇಡ ತಾಯಿ.