ಟವೆಲಿನ ಕೆಳಗೆ

ಗಂಟು ಕೈಗೆ ಸಿಕ್ಕಿದ್ದು ಬಚ್ಚಲದಲ್ಲೇ. ಸೋಪು ಹಚ್ಚಿಕೊಳ್ಳುತ್ತಿದ್ದೆ. ಎಡಗಡೆ, ಕಂಕುಳ ಹತ್ತಿರ, ಹುಣಸೆ ಬೀಜದಷ್ಟು ಗಟ್ಟಿ. ನೀರು ಸುರಿದುಕೊಂಡೆ. ಮತ್ತೆ ಮುಟ್ಟಿದೆ. ಅಲ್ಲೇ ಇತ್ತು. ಹೊರಗಿನಿಂದ ನಮ್ಮವರು ಬಾಗಿಲು ಬಡಿದರು. "ಸುನಂದಾ, ಲಗೂನ ಬಾ. ನನ್ನ ಬಸ್ ತಪ್ಪತೈತಿ." ಅವರು ಮೂಡಲಗಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಗೋಕಾಕದಿಂದ ದಿನಾ ಹೋಗಿಬರುತ್ತಾರೆ. ಅವತ್ತು ಅವರಿಗೆ ಏನೂ ಹೇಳಲಿಲ್ಲ.

ಬಯಾಪ್ಸಿ. ಸ್ಕ್ಯಾನ್. ಮತ್ತೆ ಸ್ಕ್ಯಾನ್. ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ರಿಪೋರ್ಟು ಕೆಳಗಿಟ್ಟು ನನ್ನ ಮುಖ ನೋಡಿದರು. ಅಷ್ಟರಲ್ಲೇ ಗೊತ್ತಾಯಿತು.

ಎಡ ಮೊಲೆ ತೆಗೆದರು.

ಎಷ್ಟು ಸಣ್ಣ ವಾಕ್ಯ! ಬರೆದ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಮನೆಗೆ ಕಳಿಸುವಾಗ ಮೇಡಂ ಒಂದೇ ಮಾತನ್ನು ತಿರುಗಿ ತಿರುಗಿ ಹೇಳಿದರು. ಗಾಯ ಮಾಯ್ದ ಕೂಡಲೇ ರೇಡಿಯೇಶನ್ ಶುರುವಾಗಬೇಕು, ತಡ ಮಾಡುವಂತಿಲ್ಲ, ಅಲ್ಲಿಯವರೆಗೆ ಆ ಜಾಗದ ಚರ್ಮವನ್ನು ತೇವವಿಲ್ಲದಂತೆ ಚೆನ್ನಾಗಿ ಇಟ್ಟುಕೊಳ್ಳಬೇಕು. ನಾನು ತಲೆ ಅಲ್ಲಾಡಿಸಿದೆ. ಅದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ.

ನಮ್ಮ ಬಚ್ಚಲ ಎಂದರೆ ಒಂದು ಹಂಡೆ, ಒಂದು ಬಕೆಟ್ಟು, ಒಬ್ಬ ಮನುಷ್ಯ. ಇನ್ನೊಂದಕ್ಕೆ ಜಾಗವಿಲ್ಲ. ತಲೆಯ ಮೇಲೆ ಒಂದು ಹಗ್ಗ. ನನ್ನದು, ನಮ್ಮವರದು, ಅತ್ತಿಯದು, ಮೂರೂ ಟವೆಲ್ ಅದರ ಮೇಲೇ, ಒಂದರ ಮೇಲೊಂದು. ಆಪರೇಶನ್ ಆದ ಮೇಲೆ ನನ್ನ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬಲಗೈಯಿಂದ ಎಸೆದರೆ ಉಳಿದವರ ಟವೆಲ್ ಬಕೆಟ್ಟಿಗೆ ಬೀಳುತ್ತಿತ್ತು. ಹಾಗಾಗಿ ಬಾಗಿಲ ಹಿಂದಿನ ಮೊಳೆಯೇ ನನ್ನ ಪಾಲಿಗೆ ಬಂತು.

ಟವೆಲ್ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಈಗ ಇನ್ನೊಂದು ಬಟ್ಟೆ ಇತ್ತು. ಒಂದು ಬದಿಗೆ ಹತ್ತಿ ತುಂಬಿದ ಬ್ರಾ. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಂತೆ ಹೊಲಿಸಿದ್ದು. ದಿನಾ ಒಗೆಯಬೇಕು. ಒಣಗಿಸುವುದು ಎಲ್ಲಿ? ಮನೆಯ ಮುಂದೆ ತಂತಿ ಇದೆ, ತಂತಿಯ ಮುಂದೆ ಇಡೀ ಓಣಿ ಇದೆ. ನಮ್ಮಲ್ಲಿ ಹೆಣ್ಣುಮಕ್ಕಳು ಒಳಬಟ್ಟೆಯನ್ನು ಹಾಗೇ ಬಯಲಿಗೆ ಹಾಕುವುದಿಲ್ಲ. ಮೇಲೊಂದು ಟವೆಲ್ಲೋ ಸೀರೆಯೋ ಹೊದಿಸಿಯೇ ಒಣಗಿಸುವುದು. ಹುಕ್ಕೇರಿಯಿಂದ ಮದುವೆಯಾಗಿ ಈ ಮನೆಗೆ ಬಂದಾಗ ಅತ್ತಿ ನನಗೆ ಮೊದಲು ಹೇಳಿಕೊಟ್ಟ ವಿಷಯಗಳಲ್ಲಿ ಇದೂ ಒಂದು. ಅದರಲ್ಲೂ ಎದುರು ಮನೆಯ ಶಾಂತವ್ವ ಮಾತಾಡಿಸಲೆಂದು ಬಂದು, ನನ್ನ ಎದೆಯನ್ನೇ ನೋಡುತ್ತ ಚಹಾ ಕುಡಿದು ಹೋಗಿದ್ದಳು. ಹಾಗಾಗಿ ನಾನು ಬ್ರಾವನ್ನು ಬಚ್ಚಲದ ಮೊಳೆಗೇ ಸಿಕ್ಕಿಸಿ ಮೇಲೆ ನನ್ನ ಒದ್ದೆ ಟವೆಲ್ ಹೊದಿಸಿದೆ. ಮರುದಿನ ಅರ್ಧ ಒಣಗಿದ್ದನ್ನೇ ತೊಟ್ಟುಕೊಂಡೆ. ದಿನಾ ಹಾಗೆಯೇ.

ಮೊದಲು ತುರಿಕೆ. ಆಮೇಲೆ ಉರಿ. ಹೊಲಿಗೆಯ ಗುರುತಿನ ಸುತ್ತ ಕೆಂಪು.

"ಫಂಗಲ್ ಇನ್ಫೆಕ್ಷನ್. ಇದು ಹೋಗೋತನಕ ರೇಡಿಯೇಶನ್ ಶುರು ಮಾಡಾಕ ಬರಂಗಿಲ್ಲ," ಎಂದರು ಮೇಡಂ. "ಹಸಿ ಬಟ್ಟಿ ಹಾಕ್ಕೋತೀರೇನು?"

ನಮ್ಮವರು ನನಗಿಂತ ಮುಂಚೆ ಹೇಳಿಬಿಟ್ಟರು. "ಇಲ್ರೀ ಮೇಡಂ. ದಿನಾ ಒಗದದ್ದ ಹಾಕ್ಕೋತಾಳ್ರಿ."

ಬಚ್ಚಲದಲ್ಲಿ ಏನೂ ಸರಿಯಾಗಿ ಒಣಗುವುದಿಲ್ಲ ಎಂದಷ್ಟೇ ಮನೆಗೆ ಬರುವಾಗ ಅವರಿಗೆ ಹೇಳಿದೆ.

ಆ ಭಾನುವಾರ ಅವರು ಚಾಕ್‌ಪೀಸ್ ಹಿಡಿದು ಬಚ್ಚಲಕ್ಕೆ ನುಗ್ಗಿದರು. ಗೋಡೆಯ ತುಂಬ ಗೆರೆ. "ಬಚ್ಚಲಕ್ಕೇನ ಪರೀಕ್ಷಾ ಐತೇನ್ರೀ?" ಎಂದೆ. ನಗಲಿಲ್ಲ. ಬಾಗಿಲ ಹಿಂದೆ ಒಂದರ ಕೆಳಗೊಂದು ಎರಡು ಸ್ಟೀಲ್ ರಾಡ್, ಎರಡೂ ನನ್ನ ಭುಜಕ್ಕಿಂತ ಕೆಳಗೆ. ಎದುರು ಗೋಡೆಗೆ ಅವರಿಬ್ಬರ ಟವೆಲಿಗೆ ಒಂದು ಉದ್ದ ರಾಡ್. ಬಾಗಿಲ ಮೇಲೆ ಒಂದು ಹಲಗೆ, ಮಡಚಿದ ಒಣ ಟವೆಲ್ ಇಡಲು. ಗಾಳಿಕಿಂಡಿಗೆ ಯಾವ ಕಾಲದಲ್ಲೋ ಒತ್ತಿದ್ದ ರಟ್ಟನ್ನೂ ಕಿತ್ತೆಸೆದರು. "ಈಗ ನೋಡು, ಎಲ್ಲಾ ಬ್ಯಾರೆ ಬ್ಯಾರೆ ಒಣಗತಾವ," ಎಂದರು. ಪಾಪ, ತಲೆಯೆಲ್ಲ ಸುಣ್ಣ.

ನಾನೇನು ಮಾಡಿದೆ? ಹೊಸ ರಾಡಿನ ಮೇಲೆ ಬ್ರಾ ಹಾಕಿದೆ.

ಅದರ ಮೇಲೆ ಟವೆಲ್ ಹೊದಿಸಿದೆ.

ಮುಂದಿನ ಸಲ ಹೋದಾಗಲೂ ಕೆಂಪು ಹಾಗೇ ಇತ್ತು. ಮತ್ತೆ ಮುಲಾಮು, ಮತ್ತೆ ಕಾಯುವುದು. ಬಸ್ಸಿನಲ್ಲಿ ಬರುವಾಗ ನನಗೆ ಕೂರಲಾಗುತ್ತಿರಲಿಲ್ಲ. ಒಳಗೆ ಎಲ್ಲೋ ಒಂದು ಚೂರು ಉಳಿದಿದ್ದರೆ? ನಾನು ಬಟ್ಟೆ ಒಣಗಲೆಂದು ಕಾಯುವಾಗ ಅದು ಬೆಳೆಯುತ್ತಿದ್ದರೆ? ಮನೆಗೆ ಬಂದು ಪಾತ್ರೆ ಎತ್ತಿ ಕುಕ್ಕಿದೆ, ನಮ್ಮವರ ಮೇಲೆ ಹರಿಹಾಯ್ದೆ, ಅಡುಗೆಮನೆಗೂ ಪಡಸಾಲೆಗೂ ಸುಮ್ಮನೆ ಓಡಾಡಿದೆ.

ಮರುದಿನ ಅತ್ತಿ ಕೈಕಾಲು ತೊಳೆಯಲು ಬಚ್ಚಲಕ್ಕೆ ಹೋದವರು ಬೇಗ ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ನನ್ನ ಬ್ರಾ ಇತ್ತು. ಹತ್ತಿಯನ್ನು ಹಿಂಡಿ ನೋಡಿದ್ದರು.

"ಇದನ್ನ ಹಿಂಗ ಹಸೇದ ಹಾಕ್ಕೋತೀ?"

"ಮತ್ತೆಲ್ಲಿ ಒಣಗಸ್ಲಿ ಅತ್ತೀ? ಬಯಲಿಗಿ ಹಾಕಬ್ಯಾಡ ಅಂದಾವ್ರು ನೀವಽ," ಎಂದುಬಿಟ್ಟೆ. ಧ್ವನಿ ಏರಿತ್ತು.

ಅತ್ತಿ ಕೈಯಲ್ಲಿದ್ದುದನ್ನು ಇನ್ನೊಮ್ಮೆ ಹಿಂಡಿದರು. "ಹೌದು, ನಾನಽ ಅಂದಿದ್ದೆ," ಎಂದರು. ಸೆರಗು ಸರಿಮಾಡಿಕೊಂಡು ಸೀದಾ ಹೊರಗೆ ನಡೆದರು.

ಮನೆಯ ಮುಂದಿನ ತಂತಿಗೆ, ನಟ್ಟನಡುವೆ, ಅದನ್ನು ಕ್ಲಿಪ್ ಹಚ್ಚಿ ಹಾಕಿದರು. ಮೇಲೆ ಏನೂ ಇಲ್ಲ. ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಬಾಗಿಲ ಹಿಂದೆ ನಿಂತು ಬೆವರುತ್ತಿದ್ದೆ. ಶಾಂತವ್ವ ಬಂದೇ ಬಂದಳು.

"ಅದೇನ್ರೀ ಕಾಕೂ, ಹಿಂಗ ಬಯಲಿಗಿ ಹಾಕೀರಿ?"

"ನನ್ನ ಸೊಸೀದು. ಬಿಸಲ ಬೇಕಾಗೇತಿ ಅದಕ. ತುಸು ಬಾಜೂ ಸರಿ, ನಿನ್ನ ನೆಳ್ಳ ಬೀಳಾಕತ್ತೇತಿ."

ನನಗೆ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ನಗುತ್ತಲೇ ಅಳು ಬಂತು. ಆಪರೇಶನ್ ಆದ ಮೇಲೆ ಸರಿಯಾಗಿ ಅತ್ತದ್ದು ಅವತ್ತೇ.

ಬಿಸಿಲಿರುವಾಗ ತಂತಿ, ಮೋಡವಿದ್ದರೆ ಬಚ್ಚಲದ ರಾಡ್. ಕೆಂಪು ಇಳಿಯಿತು. ರೇಡಿಯೇಶನ್ ಶುರುವಾಯಿತು, ಮುಗಿಯಿತು ಕೂಡ. ಚರ್ಮ ಅಲ್ಲಲ್ಲಿ ಕಪ್ಪಾಗಿದೆ. ಎಡಗೈ ಈಗ ಹುಬ್ಬಿನವರೆಗೆ ಏಳುತ್ತದೆ. ಸದ್ಯ ಏನೂ ಕಾಣಿಸುತ್ತಿಲ್ಲ ಎಂದಿದ್ದಾರೆ ಮೇಡಂ. ಆ 'ಸದ್ಯ' ಎಂಬುದನ್ನು ಹಿಡಿದುಕೊಂಡು ಬದುಕುವುದು ಸುಲಭವಲ್ಲ. ಸ್ನಾನ ಮಾಡುವಾಗ ಕೈ ತಾನೇ ಬಲಗಡೆಗೆ ಹೋಗುತ್ತದೆ, ಹುಡುಕುತ್ತದೆ, ಸಿಗದಿದ್ದರೂ ಪೂರ್ತಿ ನಂಬುವುದಿಲ್ಲ.

ಇವತ್ತು ಮೋಡ. ಒಗೆದದ್ದನ್ನು ಮೇಲಿನ ರಾಡಿಗೆ ಹಾಕಿದೆ. ಅಭ್ಯಾಸ ಎಲ್ಲಿ ಬಿಡುತ್ತದೆ, ಟವೆಲ್ ಹಿಡಿದ ಕೈ ಅದನ್ನು ಮುಚ್ಚಲು ಹೋಗಿಯೇ ಬಿಟ್ಟಿತ್ತು. ಹಿಂದಕ್ಕೆ ತೆಗೆದೆ. ಟವೆಲನ್ನು ಕೆಳಗಿನ ರಾಡಿನ ಮೇಲೆ ಅಗಲವಾಗಿ ಹರಡಿ, ಬಾಗಿಲು ತೆರೆದೇ ಇಟ್ಟು ಬಂದೆ.