ಸೋಲುವ ಪಾತ್ರದವನು ದಾಳ ಹಾಕಿದ್ದು

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಮಾತಿನಲ್ಲೇ ಕಥೆ ಕಟ್ಟುವ ಆಟ ಹೊರದೇಶದಿಂದ ಬಂದದ್ದೆಂದು ಎಲ್ಲರೂ ಹೇಳುತ್ತಾರೆ. ಆಟದ ಪೆಟ್ಟಿಗೆಯ ಮೇಲೂ ಹಾಗೆಯೇ ಅಚ್ಚಾಗಿದೆ. ಅಚ್ಚಾದದ್ದೆಲ್ಲ ನಿಜವಾಗಿದ್ದರೆ ಶಾಲೆ ಬಿಟ್ಟ ಮೇಲೆ ನಾನು ಇಷ್ಟೊಂದು ಓದಬೇಕಾಗಿರಲಿಲ್ಲ. ನಮ್ಮ ಕಡೆಯ ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕುಳಿತ ಅರ್ಥಧಾರಿಗಳು ಪಾತ್ರವೇ ಆಗಿ ವಾದಿಸುತ್ತ ಬಂದದ್ದು ಎಷ್ಟು ತಲೆಮಾರುಗಳಿಂದಲೋ. ವ್ಯತ್ಯಾಸವೊಂದೇ: ಅಲ್ಲಿ ಯಾರು ಗೆಲ್ಲಬೇಕೆಂಬುದನ್ನು ಪ್ರಸಂಗ ಮೊದಲೇ ನಿಶ್ಚಯಿಸಿರುತ್ತದೆ, ಇಲ್ಲಿ ಇಪ್ಪತ್ತು ಮುಖದ ದಾಳ ನಿಶ್ಚಯಿಸುತ್ತದೆ.

ಮುರ್ಡೇಶ್ವರದ ಹೋಟೆಲೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ ಅತಿಥಿಯೊಬ್ಬರು ಆ ಪೆಟ್ಟಿಗೆಯನ್ನು ನನಗೆ ಕೊಟ್ಟುಹೋದರು. ನಿಯಮಗಳನ್ನು ನಿಘಂಟು ಹಿಡಿದು ಓದಿದೆ; ಒಪ್ಪಿಗೆಯಾಗದವನ್ನು ಬಿಟ್ಟೆ. ನಿವೃತ್ತನಾದ ಮೇಲೆ ಮೂರು ಊರುಗಳಲ್ಲಿ ಆಡುತ್ತೇನೆ, ಆಡಿಸುತ್ತೇನೆ. ವೈರಿ ಎದುರಾದರೆ ಕಾದಾಡಬೇಕೆಂದು ಪುಸ್ತಕ ಹೇಳುತ್ತದೆ. ಭಟ್ಕಳದ ಅಂಗಡಿಕಾರರ ಗುಂಪಿನಲ್ಲಿ ಇದುವರೆಗೆ ಯಾರೂ ಕತ್ತಿ ಹಿರಿದದ್ದಿಲ್ಲ. ದರೋಡೆಕೋರರೊಡನೆ ಚೌಕಾಸಿ ಮಾಡಿ, ಕೊನೆಗೆ ಅವರಿಗೇ ಏನಾದರೂ ಮಾರಿ ಕಳಿಸುತ್ತಾರೆ. ಕುಮಟಾದಲ್ಲಿ ಆಟ ನಡೆಸುವವಳು ಒಬ್ಬ ದಾದಿ. ನಾನು ಬರಿಯ ಆಟಗಾರ. ಅಲ್ಲಿ ವೈರಿ ಬಿದ್ದೊಡನೆ ಅವಳ ಸಹೋದ್ಯೋಗಿಗಳು ಗಾಯಕ್ಕೆ ಪಟ್ಟಿ ಕಟ್ಟಲು ಮುಂದಾಗುತ್ತಾರೆ. ಪುಸ್ತಕ ಬರೆದವರು ಇನ್ನೂ ನಾಲ್ಕು ಊರು ನೋಡಬೇಕಿತ್ತು.

ಹೊನ್ನಾವರದ ಗೆಳೆಯನನ್ನು ಆಟಕ್ಕೆ ಕರೆದದ್ದು ಹೋದ ಚಳಿಗಾಲದಲ್ಲಿ. ಅವನು ತಾಳಮದ್ದಳೆಯಲ್ಲಿ ಆಯುಷ್ಯವಿಡೀ ಸೋಲುವ ಪಾತ್ರಗಳನ್ನೇ ವಹಿಸಿದವನು. ದನಿ ಒರಟು, ಮೋರೆ ಬಿರುಸು. ಖಳನ ಜಾಗ ಅವನದೆಂದು ಸಂಘಟಕರು ಎಂದೋ ತೀರ್ಮಾನಿಸಿಬಿಟ್ಟಿದ್ದರು. ಎದುರಿನವನ ಬಾಯಿ ಮುಚ್ಚಿಸಿದ ದಿನಗಳಲ್ಲೂ, ಪ್ರಸಂಗ ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡರೆಂದರೆ ಅವನು ಕೈಮುಗಿದು ಸೋಲಲೇಬೇಕು. ಈಗ ಗಂಟಲು ಸೋತಿದೆ. ಕೂಟಗಳ ಕರೆಯೂ ನಿಂತಿದೆ.

"ಅಲ್ಲಿ ಪದ ಎತ್ತಲೆ ಭಾಗವತ ಇದ್ನಾ?" ಎಂದು ಕೇಳಿದ.

"ಇಲ್ಲ."

"ಹಂಗಾರೆ ಬತ್ತೆ. ಸಾಯದ್ರೊಳಗೆ ಒಂದ್ಸಲ ಗೆದ್ದು ಏಳವು."

"ದಾಳ ಬೀಳದಿದ್ದರೆ?"

"ಬೀಳದಿದ್ರೆ ಅಭ್ಯಾಸ ಇದ್ದಲಾ ಮಾರಾಯ."

ಮುಂದಿನ ಭಾನುವಾರ ಮಧ್ಯಾಹ್ನ ಅವನ ಮನೆಯ ಊಟದ ಮೇಜಿಗೆ ಕುಮಟಾದ ದಾದಿಯೂ ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬನೂ ಬಂದು ಸೇರಿದರು. ಕಥೆ ನನ್ನದು. ನದಿಗೆ ಸೇತುವೆಯಾದ್ದರಿಂದ ಇನ್ನು ದೋಣಿ ದಾಟಿಸಕೂಡದೆಂದು ಮಂತ್ರಿ ಅಪ್ಪಣೆ ಹೊರಡಿಸಿದ್ದಾನೆ. ಗೆಳೆಯ ಆ ದೋಣಿಯ ಮುದುಕ. ಮಂತ್ರಿಯ ಮಾತು ನನ್ನದು. ಮುದುಕನ ವಾದ ಮುಗಿದ ಮೇಲೆ ದಾಳ ಹದಿನೈದನ್ನು ದಾಟಿದರೆ ದೋಣಿ ಉಳಿಯುತ್ತದೆ.

ಗೆಳೆಯ ಒಡೆದ ದನಿಯಲ್ಲೇ ಕೂಟದ ಭಾಷೆಗೆ ಏರಿದ. "ಸೇತುವೆ ಬಂದವರನ್ನು ದಾಟಿಸುತ್ತದೆ, ಮಂತ್ರಿಗಳೇ. ತಡವಾದವರಿಗಾಗಿ ಅದು ದಡದಲ್ಲಿ ಕಾದು ಕೂಗಿ ಕರೆಯುತ್ತದೆಯೇ?"

ನಾನು ಸುಲಭಕ್ಕೆ ಬಿಟ್ಟುಕೊಡುವವನಲ್ಲ. ಅಪಾಯವೆಂದೆ, ಕಾನೂನೆಂದೆ, ಪ್ರಗತಿಯೆಂದೆ. ಅವನು ಒಂದೊಂದನ್ನೂ ಬಿಡಿಸಿ ಬದಿಗಿಟ್ಟು ದಾಳ ಹಾಕಿದ. ಹದಿನೆಂಟು ಬಿತ್ತು.

ಮಂತ್ರಿಯ ಉತ್ತರಕ್ಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟೇ ಸಾಕಾಯಿತು, ಅವನು ತಟ್ಟನೆ ಕೈಮುಗಿದ. "ಪ್ರಭುಗಳ ಚಿತ್ತ. ಅಜ್ಞಾನಿಯ ಮಾತನ್ನು ಮನ್ನಿಸಬೇಕು..."

"ಎಂತದು ಅಜ್ಜಾ, ಕೈ ಯಾಕೆ ಮುಗೀತ್ರಿ?" ಎಂದು ದಾದಿ ದಾಳವನ್ನು ಅವನ ಮುಂದೆ ಸರಿಸಿದಳು. "ನೀವೇ ಗೆದ್ದದ್ದು."

ಅವನು ದಾಳವನ್ನು ನೋಡಿದ. ಮುಗಿದ ಕೈ ಹಾಗೆಯೇ ಇತ್ತು.

"ಗೆದ್ದವ ಎಂತ ಹೇಳ್ತ?" ಎಂದು ನನ್ನನ್ನೇ ಕೇಳಿದ. "ನಂಗೆ ಆ ಬದಿ ಮಾತು ಬತ್ತಿಲ್ಲೆ."

ವ್ಯಾಪಾರಿ ಹೇಳಿದ: "ಗೆದ್ದವ ಮಾತಾಡೋದೇ ಬೇಡ, ಭಾವಾ. ವ್ಯಾಪಾರ ಕುದುರಿದ ಮೇಲೆ ನಾವು ಸುಮ್ನೆ ಕೂತ್ಕೊಂಡು ಚಾ ತರಿಸೋದು. ಮಾತಾಡೋದೆಲ್ಲ ಎದುರಿನ ಪಾರ್ಟಿ."

"ಆತು," ಎಂದು ಗೆಳೆಯ ಕೈ ಬಿಡಿಸಿದ. "ಹಂಗಾರೆ ಮಂತ್ರಿ ಮಾತಾಡ್ಲಿ."

ಮೂವರೂ ನನ್ನತ್ತ ತಿರುಗಿದರು. ಸೋಲೊಪ್ಪುವ ಮಾತಿಗಾಗಿ ನಾನು ಬಾಯಿ ತೆರೆದೆ. ಹೊರಟದ್ದು ಬೇರೆಯೇ: "ಆದರೂ ಮಳೆಗಾಲದಲ್ಲಿ ದೋಣಿಯ ಹೊಣೆ ಯಾರದೆಂದು..."

"ಇವರಿಗೆ ಸೋಲೂಕೇ ಬರೂದಿಲ್ಲ," ಎಂದಳು ದಾದಿ.

ಗೆಳೆಯನ ಒರಟು ಗಂಟಲಿನಿಂದ ನಗು ಬಂತು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಭುಜದ ಮೇಲೆ ಕೈಯಿಟ್ಟ.

"ಗಡಿಬಿಡಿ ಮಾಡಡ. ಮೊದಲು ಹೆಗಲು ಇಳಿಸವು. ಕಣ್ಣು ನೆಲಕ್ಕೆ ಹಾಕಡ, ಅದು ಹೆದರಿದವಂದು. ಗೆದ್ದವನ ಮೋರೆ ನೋಡು. ಅವ ಹೇಳಿದ್ದರಲ್ಲಿ ನಿಂಗೆ ಖರೇ ಕಂಡದ್ದು ಒಂದಾದ್ರೂ ಇದ್ದಲಾ, ಅದನ್ನ ಹೇಳು. ಆಮೇಲೆ ಕೈ ಮುಗಿ."

ಹೆಗಲು ಇಳಿಸಿ ಅವನ ಮುಖ ನೋಡಿದೆ. ಕಾಯುವ ಕೆಲಸ ಸೇತುವೆಯ ಕಲ್ಲಿನಿಂದಾಗದು, ದೋಣಿ ನಿಮ್ಮಲ್ಲೇ ಇರಲಿ ಎಂದು ಕೈಮುಗಿದೆ.

"ಇನ್ನೊಂದ್ಸಲ," ಎಂದು ಅವನು ಕುರ್ಚಿಗೆ ಒರಗಿ ಕಾಲು ಚಾಚಿದ. "ಸ್ವಲ್ಪ ಗಟ್ಟಿಯಾಗಿ ಹೇಳು. ಒಳಗೆ ನನ್ನ ಹೆಂಡ್ತಿಗೂ ಕೇಳವು."