ಹಾಲಿನ ಡೈರಿಗೆ ಲಿನಕ್ಸ್ ಹಾಕಿದ ಬೆಳಿಗ್ಗೆ

ಕರೆಂಟು ಹೋಗಬಹುದಿತ್ತು. ಯುಪಿಎಸ್ ಕೂಗಿ ಕೂಗಿ ಸಾಯಬಹುದಿತ್ತು. ಹಾಲಿನ ಫ್ಯಾಟ್ ನೋಡುವ ಯಂತ್ರ ಹೊಸ ಸಿಸ್ಟಂ ಮೇಲೆ ಮುನಿಸಿಕೊಳ್ಳಬಹುದಿತ್ತು. ಪ್ರಿಂಟರು ಕನ್ನಡ ಅಕ್ಷರಗಳನ್ನೆಲ್ಲ ಬರೀ ಚೌಕಗಳಾಗಿ ಉಗುಳಬಹುದಿತ್ತು. ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಹೋಗಿ ಎರಡು ಮನೆಯವರು ಆಯುಷ್ಯಪೂರ್ತಿ ಮಾತು ಬಿಡಬಹುದಿತ್ತು. ಬಂಗಾರಪೇಟೆ ದಾಟುವ ಮೊದಲೇ ನನ್ನ ಸ್ಕೂಟರು ಕೈಕೊಡಬಹುದಿತ್ತು. ಲಾರಿ ಕಾದು ಕಾದು ಹೊರಟುಹೋಗಿ ಊರಿನ ಹಾಲೆಲ್ಲ ಕ್ಯಾನಿನಲ್ಲೇ ಒಡೆಯಬಹುದಿತ್ತು. ಇಷ್ಟನ್ನೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೆ. ಹೆಂಡತಿ ಓದಿ, “ಭೂಕಂಪ ಬಿಟ್ಟಿದ್ದೀರಲ್ರೀ” ಅಂದಳು. ಅದನ್ನೂ ಸೇರಿಸಿದೆ. ಕೆಳಗೆ ಗಣಿ ಕುಸಿದಾಗೆಲ್ಲ ಅಡುಗೆಮನೆಯ ಪಾತ್ರೆ ನಡುಗುತ್ತಿದ್ದ ಊರಿಗಾಂ ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ ಹುಟ್ಟಿದವನಿಗೆ ಅದು ತಮಾಷೆಯಲ್ಲ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಎರಡು ವರ್ಷದಿಂದ ನಾನು ಲಿನಕ್ಸ್ ಹಾಕಿಕೊಡುತ್ತೇನೆ. ಅದು ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ, ಕಂಪ್ಯೂಟರ್ ನಡೆಸುವ ಸಿಸ್ಟಂ; ಹಾಕಿದ ಮೇಲೆ ನೋಡಿಕೊಳ್ಳುವುದಕ್ಕಷ್ಟೇ ನನ್ನ ದುಡ್ಡು. ಬಿಟ್ಟಿ ಸಿಗುವುದನ್ನು ಮಾರಿ ಬದುಕುತ್ತೇನೆ ಎಂದವನನ್ನು ಊರು ಹೇಗೆ ನೋಡುತ್ತದೋ ಹಾಗೇ ನನ್ನನ್ನೂ ನೋಡಿತು. ನಗರದ ಕಂಪ್ಯೂಟರ್ ಡೀಲರೊಬ್ಬರು ಫೋನಿನಲ್ಲಿ ಬುದ್ಧಿ ಹೇಳಿದರು: “ಸಾರ್, ಸಪೋರ್ಟ್ ನಂಬಿ ಬಿಸಿನೆಸ್ ಆಗಲ್ಲ. ಅಂಗಡಿ ಮುಚ್ಚಿ ನಮ್ಮ ಏಜೆಂಟ್ ಆಗಿ. ಕಸ್ಟಮರ್ ನಮ್ಮ ಕಾಲ್ ಸೆಂಟರಿಗೆ ಫೋನ್ ಮಾಡ್ಲಿ, ದೂರಿಗೊಂದು ಟಿಕೆಟ್ ನಂಬರ್ ಕೊಡ್ತೀವಿ. ಅಷ್ಟೇ.”

ಟಿಕೆಟ್ ನಂಬರ್ ನನ್ನ ಹತ್ತಿರವೂ ಇತ್ತು, ಹಿತ್ತಾಳೆಯಲ್ಲಿ. ಕೋರಮಂಡಲ್ ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಟೋಕನ್ ಇರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಮೇಲೆ ಬಂದವನು ಅದನ್ನು ಬೋರ್ಡಿನ ಮೊಳೆಗೆ ತೂಗುಹಾಕಬೇಕು. ಒಂದು ಮೊಳೆ ಖಾಲಿ ಇದ್ದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ, ಹುಡುಕಲು ಇಳಿಯಬೇಕು. ನನ್ನ ಅಂಗಡಿಯ ಗೋಡೆಯ ಮೇಲೂ ಅಂಥದೇ ಬೋರ್ಡು. ಒಬ್ಬ ಗಿರಾಕಿಗೆ ಒಂದು ಟೋಕನ್. ತೊಂದರೆ ಎಂದು ಫೋನ್ ಬಂದರೆ ಅವರ ಟೋಕನ್ ನನ್ನ ಜೇಬಿಗೆ. ಗಿರಾಕಿ ತನ್ನ ಬಾಯಿಂದಲೇ “ಸರಿಯಾಯ್ತು” ಅನ್ನುವವರೆಗೆ ಅದು ಮೊಳೆಗೆ ಹೋಗುವುದಿಲ್ಲ. ಹೆದರುಪುಕ್ಕಲನಿಗೆ ಇದಕ್ಕಿಂತ ಒಳ್ಳೆಯ ಕಸುಬು ಎಲ್ಲಿ ಸಿಗುತ್ತದೆ? ಮಾಡುವ ಚಿಂತೆಯನ್ನೇ ಮಾರುತ್ತಿದ್ದೆ. ಡೀಲರಿಗೆ ಹೇಳಿದೆ: “ಏಜೆಂಟ್ ಆಗಲ್ಲ. ಹಾಳಾದರೆ ನನ್ನ ರೀತಿಯಲ್ಲೇ ಹಾಳಾಗ್ತೀನಿ.”

ಹೇಳುವಾಗ ಧೈರ್ಯ ಚೆನ್ನಾಗಿತ್ತು. ಫೋನಿಟ್ಟ ಮೇಲೆ ಎರಡು ಲೋಟ ನೀರು ಕುಡಿದೆ.

ಬಂಗಾರಪೇಟೆಯ ಆಚೆಯ ಒಂದು ಹಳ್ಳಿಯ ಹಾಲಿನ ಡೈರಿಯವರು ಆಗ ಕರೆದರು. ಅವರ ಕಂಪ್ಯೂಟರಿನಲ್ಲಿದ್ದದ್ದು ಯಾರೋ ಹಾಕಿಕೊಟ್ಟಿದ್ದ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಿಸ್ಟಂನ ಕದ್ದ ಕಾಪಿ. ತಿಂಗಳಿಗೊಮ್ಮೆ ವೈರಸ್ ಬಂದು ಮಲಗುತ್ತಿತ್ತು. ಡೈರಿಯ ಕಾರ್ಯದರ್ಶಿ ಷರತ್ತು ಹಾಕಿದರು: “ಒಂದ್ ಬೆಳಿಗ್ಗೆ ಟೈಮ್ ಕೊಡ್ತೀನಿ ಕಣಯ್ಯ. ಲಾರಿ ನಿಲ್ಬಾರ್ದು, ಚೀಟಿ ತಪ್ಬಾರ್ದು. ಸರಿಯಾದ್ರೆ ವರ್ಸ ಪೂರ್ತಿ ನೀನೇ ನೋಡ್ಕೊ, ಸುತ್ತಿನ ಡೈರಿಗಳ್ಗೂ ಏಳ್ತೀನಿ. ಇಲ್ದಿದ್ರೆ ಆ ಸಿಟಿ ಡೀಲರ್ ಕಾಲ್ ಸೆಂಟರ್‌ನವ್ರು ಅವ್ರೆ.” ಆ ಒಂದು ಬೆಳಿಗ್ಗೆಯ ಮೇಲೆ ಅಂಗಡಿಯ ಬಾಗಿಲು ನಿಂತಿತ್ತು. ಸುತ್ತಿನ ಡೈರಿಗಳು ಸಿಕ್ಕರೆ ಉಳಿವು, ಸಿಗದಿದ್ದರೆ ಏಜೆಂಟಿನ ಬ್ಯಾಗು.

ಬೆಳಿಗ್ಗೆ ಆರಕ್ಕೆಲ್ಲ ಕ್ಯಾನು ಹಿಡಿದವರ ಸಾಲು. ಜಾವದಲ್ಲೇ ಬಂದು ಲಿನಕ್ಸ್ ಹಾಕಿ ಮುಗಿಸಿದ್ದ ನಾನು ಪಟ್ಟಿ ಹಿಡಿದು ಕಂಪ್ಯೂಟರಿನ ಪಕ್ಕ ನಿಂತೆ. ಫ್ಯಾಟ್ ಬಂತು, ತೂಕ ಬಂತು, ಚೀಟಿಯ ಮೇಲೆ ಕನ್ನಡ ಮುತ್ತಿನ ಹಾಗೆ ಅಚ್ಚಾಯಿತು. ಕರೆಂಟು ಹೋಯಿತು, ಯುಪಿಎಸ್ ತಡೆಯಿತು. ಪಟ್ಟಿಯ ಒಂದೊಂದೇ ಸಾಲಿಗೆ ಗೆರೆ ಎಳೆದೆ, ಭೂಕಂಪಕ್ಕೂ. ಲಾರಿ ಹೊತ್ತಿಗೆ ಸರಿಯಾಗಿ ಬಂದು ಕ್ಯಾನು ತುಂಬಿಕೊಂಡು ಹೋಯಿತು. ಜೇಬಿನಲ್ಲಿದ್ದ ಡೈರಿಯ ಟೋಕನ್ನನ್ನು ಬೆರಳಿನಿಂದ ಸವರುತ್ತಾ ಕಾರ್ಯದರ್ಶಿಯ ಮುಖ ನೋಡಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ, ಮನೆ ಕಡೆ ಹೋಗಿದ್ದ ಅಜ್ಜಿಯೊಬ್ಬರು ಚೀಟಿ ಹಿಡಿದು ವಾಪಸು ಬಂದರು.

“ಏನ್ಲಾ ಕಂಪ್ಯೂಟ್ರು, ಇದೇನಂತ ನೋಡು. ನಮ್ ಮೊಮ್ಮಗ್ಳು ಓದುದ್ಲು. ಮದ್ಯರಾತ್ರಿ ಅನ್ನೆರಡು ಐವತ್ತಕ್ಕೆ ಆಲು ಆಕಿದೀನಂತೆ! ಆ ಒತ್ನಾಗೆ ಯಾವ್ ಅಸ ಆಲು ಕೊಡ್ತೈತೆ?”

ಡೈರಿಯ ಮುಂದೆ ಇನ್ನೂ ಉಳಿದಿದ್ದವರು ತಮ್ಮ ತಮ್ಮ ಚೀಟಿ ನೋಡಿಕೊಂಡು ಗೊಳ್ಳೆಂದರು. ಇಡೀ ಊರು ಮಧ್ಯರಾತ್ರಿ ಹಾಲು ಕರೆದಿತ್ತು. ಗಡಿಯಾರವನ್ನು ನಮ್ಮ ದೇಶದ ಹೊತ್ತಿಗೆ ಇಡುವುದನ್ನೇ ನಾನು ಮರೆತಿದ್ದೆ. ಇಂಗ್ಲಿಷರು ಕೆಜಿಎಫ್ ಬಿಟ್ಟು ಎಷ್ಟು ಕಾಲವಾಯಿತು, ನನ್ನ ಕಂಪ್ಯೂಟರು ಮಾತ್ರ ಲಂಡನ್ನಿನ ಹೊತ್ತು ನೋಡಿಕೊಂಡು ಕೆಲಸ ಮಾಡುತ್ತಿತ್ತು. ಭೂಕಂಪ ಬರೆದುಕೊಂಡವನ ಪಟ್ಟಿಯಲ್ಲಿ ಗಡಿಯಾರ ಇರಲಿಲ್ಲ.

ಜನರೆದುರೇ ಗಡಿಯಾರ ಸರಿಮಾಡಿದೆ. ಅಜ್ಜಿಗೆ ಸರಿಯಾದ ಚೀಟಿ ತೆಗೆದುಕೊಟ್ಟು, ಕಾರ್ಯದರ್ಶಿಯ ಕಡೆ ತಿರುಗಿದೆ. “ತಪ್ಪು ನಂದೇ. ಆದರೆ ತಪ್ಪಾದಾಗ ಇಲ್ಲೇ ನಿಂತಿದ್ದೆ. ಕಾಲ್ ಸೆಂಟರಿನವರು ನಿಲ್ತಾರಾ ಕೇಳಿ.”

ಕಾರ್ಯದರ್ಶಿ ಕಣ್ಣೊರೆಸಿಕೊಂಡು ನಗು ಮುಗಿಸಿದರು. “ಸರಿಯಾಯ್ತು ಬುಡು. ಈ ಅಜ್ಜಿ ಬಾಯ್ಗೆ ಯಾವ್ ಕಾಲ್ ಸೆಂಟರ್ ಉತ್ರ ಕೊಡ್ತೈತೆ? ವರ್ಸ ಪೂರ್ತಿ ನೀನೇ ಬಂದು ಬೈಸ್ಕೊ ಓಗು.”

ತಪ್ಪು ಚೀಟಿಯನ್ನು ಹರಿದುಹಾಕೋಣವೆಂದು ಅಜ್ಜಿಯ ಮುಂದೆ ಕೈ ಚಾಚಿದೆ. ಅವರು ಅದನ್ನು ಮಡಚಿ ಎಲೆಅಡಿಕೆ ಚೀಲದೊಳಗೆ ಸೇರಿಸಿದರು.

“ಇದ್ ಕೊಡಲ್ಲ ಓಗ್ಲಾ. ನಮ್ ಸೊಸೆಗೆ ತೋರಿಸ್ಬೇಕು, ನಾನ್ ಎಷ್ಟೊತ್ಗೆ ಏಳ್ತೀನಿ ಅಂತ.”